ದಾಕಿನ ಕಲೆಯೂ ತೋಳಿನ ಬಾಧೆಯೂ

ಐವತ್ತು ವರ್ಷ ದಾಟಿದ ಹಿರಿಯರ ಎಡತೋಳನ್ನು ಗಮನಿಸಿದರೆ ಅಲ್ಲಿ ನಾಣ್ಯದಗಲದ, ನಡುವೆ ತುಸು ತಗ್ಗಿದ, ಹೊಳಪುಳ್ಳ ಕಲೆಯೊಂದು ಕಾಣಸಿಗುವುದುಂಟು. ಕೆಲವರಿಗೆ ಅಂತಹವು ಎರಡು. ಕೆಲವರಿಗೆ ಅದು ಮುಂಗೈಯ ಮೇಲೆ. ಹಳೆಯ ಮೈಸೂರಿನ ಕಡೆಯವರು ಅದನ್ನು ದಾಕು ಹಾಕಿಸಿದ ಕಲೆಯೆಂದೂ ಮೈಲಿಯ ಕಲೆಯೆಂದೂ ಕರೆದರೆ, ಧಾರವಾಡ ಬೆಳಗಾವಿಗಳ ಕಡೆ ದೇವಿ ಹಾಕಿಸಿದ ಗುರುತು ಎನ್ನುವ ರೂಢಿ. ಸಿಡುಬೆಂಬ ಮಹಾಮಾರಿ ಜಗತ್ತಿನಿಂದ ತೊಲಗಿದ ಮೇಲೆ ಹುಟ್ಟಿದ ಇಂದಿನ ವಿದ್ಯಾರ್ಥಿಗಳಿಗೆ ಈ ಕಲೆಯಿಲ್ಲ. ಅಜ್ಜ ಅಜ್ಜಿಯರ ತೋಳಿನಲ್ಲಿ ಅದನ್ನು ಕಂಡು ಸುಟ್ಟ ಗಾಯವೆಂದು ಅವರು ಭಾವಿಸಿದರೆ ತಪ್ಪೆನ್ನುವಂತಿಲ್ಲ. ವಾಸ್ತವವಾಗಿ ಅದು ಮೂರು ವಾರಗಳ ಕಾಲ ಒಂದು ಎಳೆಯ ದೇಹವು ಅನುಭವಿಸಿದ ಬಾಧೆಯ ಮುದ್ರೆ. ಲಸಿಕೆಯ ಮಹಿಮೆಯನ್ನು ಪಠ್ಯಪುಸ್ತಕಗಳು ಸಾಕಷ್ಟು ವರ್ಣಿಸಿವೆ; ಲಸಿಕೆ ಹಾಕಿಸಿಕೊಂಡವರು ಏನನ್ನು ಅನುಭವಿಸಿದರೆಂಬುದನ್ನು ಅವು ಅಷ್ಟಾಗಿ ಹೇಳುವುದಿಲ್ಲ. ಪ್ರಕೃತ ಲೇಖನದ ವಿಷಯ ಆ ಅನುಭವವೇ.

ಮೊದಲು ಶಬ್ದವಿಚಾರ. ‘ಲಸಿಕೆ’ ಎಂಬುದು ಸಂಸ್ಕೃತದ ‘ಲಸೀಕಾ’ ಶಬ್ದದಿಂದ ಬಂದುದು; ಚರ್ಮದ ಕೆಳಗಿರುವ ನೀರಿನಂತಹ ದ್ರವಕ್ಕೆ ಆಯುರ್ವೇದದಲ್ಲಿ ಈ ಹೆಸರುಂಟು. ಆಂಗ್ಲರ ‘ವ್ಯಾಕ್ಸಿನ್’ ಪದಕ್ಕೆ ಮೂಲ ಲ್ಯಾಟಿನ್ ಭಾಷೆಯಲ್ಲಿ ಆಕಳನ್ನು ಹೇಳುವ ‘ವಾಕ್ಕ’ ಎಂಬ ಶಬ್ದ. ಸಿಡುಬನ್ನು ಮಾಧವಕರನ ನಿದಾನಗ್ರಂಥವು ‘ಮಸೂರಿಕಾ’ ಎಂದು ಕರೆದಿರುವುದು ಆ ಬೊಕ್ಕೆಗಳು ಮಸೂರದ, ಎಂದರೆ ಚನ್ನಂಗಿ ಬೇಳೆಯ, ಆಕಾರದವಾದುದರಿಂದ. ಇವೆಲ್ಲವುಗಳಿಗಿಂತ ನಮ್ಮ ಜನ ಕಟ್ಟಿಕೊಂಡ ‘ಚುಚ್ಚುಮದ್ದು’ ಎಂಬ ಮಾತು ಹೆಚ್ಚು ಅರ್ಥವತ್ತಾಗಿದೆ. ಚುಚ್ಚುವುದು ಮದ್ದು ಚುಚ್ಚುಮದ್ದು; ಸುಡುಗಾಡು, ಉಡುದಾರ, ಕಡೆಗೋಲುಗಳಂತೆ ಇದೂ ಗಮಕಸಮಾಸ. ಪೂರ್ವಪದದಲ್ಲಿ ನೋವು, ಉತ್ತರಪದದಲ್ಲಿ ಔಷಧ. ಹಾಕಿಸಿಕೊಳ್ಳುವವನ ಅನುಭವದ ಕ್ರಮವೂ ಅದೇ ಅಲ್ಲವೆ! ನೋವನ್ನು ಮರೆಮಾಚದ ಈ ಹೆಸರು ಪಂಡಿತರು ಕೊಟ್ಟದ್ದಲ್ಲ, ಪಾಮರರು ಕೊಟ್ಟದ್ದು.

ರೋಗವನ್ನು ತಡೆಯಲು ರೋಗದ ಅಂಶವನ್ನೇ ಸ್ವಲ್ಪವಾಗಿ ಮೈಗೆ ಸೇರಿಸುವ ಪದ್ಧತಿ ಯೂರೋಪಿನಲ್ಲಿ ಹುಟ್ಟಿದುದಲ್ಲ. ಹದಿನೆಂಟನೆಯ ಶತಮಾನದ ಬಂಗಾಳದಲ್ಲಿ ‘ಟೀಕಾ’ ಹಾಕುವ ಬ್ರಾಹ್ಮಣರು ಊರಿಂದೂರಿಗೆ ಸಂಚರಿಸುತ್ತಿದ್ದರು. ಕಂಪೆನಿಯ ಅಧಿಕಾರಿಯೂ ವೈದ್ಯನೂ ಆಗಿದ್ದ ಹಾಲ್ವೆಲ್ ಎಂಬಾತನು ೧೭೬೭ರಲ್ಲಿ ಅವರ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಟೀಕಾ ಹಾಕಿಸಿಕೊಳ್ಳುವವರು ಒಂದು ತಿಂಗಳು ಮೊದಲೇ ಮೀನು, ಹಾಲು, ತುಪ್ಪಗಳನ್ನು ಬಿಡಬೇಕು. ತೋಳಿನ ಹೊರಭಾಗದಲ್ಲಿ ಸಣ್ಣದಾಗಿ ಗೀರಿ, ಹಿಂದಿನ ವರ್ಷದ ಸಿಡುಬಿನ ಬೊಕ್ಕೆಯಿಂದ ತೆಗೆದಿರಿಸಿದ ದ್ರವ್ಯವನ್ನು ಅಲ್ಲಿ ಕಟ್ಟುತ್ತಿದ್ದರು. ಬೆಳಿಗ್ಗೆ ಸಂಜೆ ತಣ್ಣೀರು ಸುರಿಯಬೇಕು. ಜ್ವರ ಬಂದೊಡನೆ ನಿಲ್ಲಿಸಬೇಕು. ಬೊಕ್ಕೆಗಳು ಎದ್ದ ಮೇಲೆ ಮತ್ತೆ ಸುರಿಯಬೇಕು. ಜ್ವರ ಬಂದೇ ಬರುತ್ತದೆಂಬುದನ್ನು ಒಪ್ಪಿಕೊಂಡು, ಅದಕ್ಕೆ ಉಪಚಾರವನ್ನೂ ಮೊದಲೇ ಗೊತ್ತುಮಾಡಿದ್ದ ಕ್ರಮವಿದು. ಆದರೆ ಇಲ್ಲಿ ಬಳಸುತ್ತಿದ್ದುದು ನಿಜವಾದ ಸಿಡುಬಿನ ದ್ರವ್ಯವೇ ಆದ್ದರಿಂದ ಅಪಾಯ ಇದ್ದೇ ಇತ್ತು. ಸಹಜವಾಗಿ ಸಿಡುಬು ತಗುಲಿದರೆ ನೂರರಲ್ಲಿ ಮೂವತ್ತು ಮಂದಿಯವರೆಗೂ ಸಾಯುತ್ತಿದ್ದರು. ಈ ಕ್ರಮದಿಂದ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು. ಒಬ್ಬಿಬ್ಬರೆಂಬುದು ಲೆಕ್ಕಕ್ಕೆ ಅಲ್ಪ. ಆ ಒಬ್ಬನ ತಾಯಿಗೆ ಅಲ್ಪವಲ್ಲ.

ಇದೇ ಬಗೆಯ ಪದ್ಧತಿಯನ್ನು ತುರ್ಕಿಯಲ್ಲಿ ಕಂಡು ಇಂಗ್ಲೆಂಡಿಗೆ ಒಯ್ದವಳು ಲೇಡಿ ಮೇರಿ ವರ್ಟ್ಲಿ ಮಾಂಟೆಗು. ಆಕೆಯ ಸೋದರನು ಸಿಡುಬಿನಿಂದ ಮೃತನಾಗಿದ್ದನು; ೧೭೧೫ರಲ್ಲಿ ಆಕೆಗೂ ಅದು ತಗುಲಿ, ರೂಪವತಿಯೆಂದು ಹೆಸರಾಗಿದ್ದ ಅವಳ ಮುಖದಲ್ಲಿ ಕಲೆಗಳು ನಿಂತು ರೆಪ್ಪೆಗೂದಲುಗಳು ಉದುರಿಹೋದವು. ೧೭೧೭ರಲ್ಲಿ ಗೆಳತಿಗೆ ಬರೆದ ಪತ್ರದಲ್ಲಿ ಆಕೆ ತುರ್ಕಿಯ ಮಕ್ಕಳ ಸ್ಥಿತಿಯನ್ನು ದಿನಗಳ ಲೆಕ್ಕದಲ್ಲಿ ತಿಳಿಸಿದ್ದಾಳೆ: ಚುಚ್ಚಿಸಿಕೊಂಡ ಮಕ್ಕಳು ಏಳು ದಿನ ಎಂದಿನಂತೆ ಆಡಿಕೊಂಡಿರುತ್ತಾರೆ, ಎಂಟನೆಯ ದಿನ ಜ್ವರ ಹಿಡಿಯುತ್ತದೆ, ಎರಡು ದಿನ, ಅಪರೂಪಕ್ಕೆ ಮೂರು ದಿನ, ಮಲಗಿ ಏಳುತ್ತಾರೆ. ಮರುವರ್ಷ ತನ್ನ ಮಗನಿಗೂ, ೧೭೨೧ರಲ್ಲಿ ಲಂಡನ್ನಿನಲ್ಲಿ ತನ್ನ ಮಗಳಿಗೂ ಆಕೆ ಅದನ್ನು ಹಾಕಿಸಿದಳು. ಪರರ ಮಕ್ಕಳ ವಿಷಯದಲ್ಲಿ ಧೈರ್ಯ ಹೇಳುವವರು ಎಲ್ಲ ಕಾಲದಲ್ಲಿಯೂ ಹೇರಳ. ಈಕೆ ಅಂತಹವಳಾಗಿರಲಿಲ್ಲ.

ಇಂಗ್ಲೆಂಡಿನ ವೈದ್ಯರ ಕೈಗೆ ಸಿಕ್ಕ ಮೇಲೆ ಆ ಸರಳ ಪದ್ಧತಿ ಕ್ರೂರವಾಯಿತು. ೧೭೫೭ರಲ್ಲಿ ಎಂಟು ವರ್ಷದ ಬಾಲಕನೊಬ್ಬನನ್ನು ಇದಕ್ಕಾಗಿ ಆರು ವಾರ ‘ಸಿದ್ಧಪಡಿಸಿದರು’. ರಕ್ತ ತೆಗೆದರು, ಭೇದಿಗೆ ಕೊಟ್ಟರು, ಅರೆಹೊಟ್ಟೆ ಉಣಿಸಿದರು. ಅನಂತರ ಚುಚ್ಚಿ, ಅಂತಹವೇ ಇತರ ಮಕ್ಕಳೊಡನೆ ಕುದುರೆಲಾಯದಂತಹ ಕೊಟ್ಟಿಗೆಯಲ್ಲಿ, ಬೊಕ್ಕೆಗಳು ಮಾಗುವವರೆಗೆ ಕೂಡಿಹಾಕಿದರು. ಹುಡುಗ ಬದುಕಿ ಹೊರಬಂದ. ಆದರೆ ಬಹುಕಾಲ ಅವನಿಗೆ ನೆಮ್ಮದಿಯ ನಿದ್ರೆಯಿರಲಿಲ್ಲ, ದೊಡ್ಡ ಸದ್ದು ಕೇಳಿದರೆ ಬೆಚ್ಚುತ್ತಿದ್ದ. ಆ ಬಾಲಕನೇ ಎಡ್ವರ್ಡ್ ಜೆನ್ನರ್. ತಾನುಂಡ ಆ ಯಾತನೆಯನ್ನು ಅವನು ಮುಪ್ಪಿನಲ್ಲಿಯೂ ಮರೆಯಲಿಲ್ಲ.

ಗೋಸಿಡುಬು ತಗುಲಿದ ಹಾಲುಕರೆಯುವ ಹೆಣ್ಣುಮಕ್ಕಳಿಗೆ ಸಿಡುಬು ಬರುವುದಿಲ್ಲವೆಂಬ ಹಳ್ಳಿಗರ ನಂಬಿಕೆಯನ್ನು ಹಿಡಿದು ಹೊರಟ ಜೆನ್ನರನು ೧೭೯೬ರ ಮೇ ೧೪ರಂದು, ಸಾರಾ ನೆಲ್ಮ್ಸ್ ಎಂಬ ಗೌಳಗಿತ್ತಿಯ ಕೈಯ ಬೊಕ್ಕೆಯ ದ್ರವ್ಯವನ್ನು ತನ್ನ ತೋಟಗಾರನ ಮಗ ಜೇಮ್ಸ್ ಫಿಪ್ಸನ ತೋಳಿಗೆ ಹಚ್ಚಿದನು. ಅವನಿಗೂ ಎಂಟೇ ವರ್ಷ. ಏಳನೆಯ ದಿನ ಕಂಕುಳಲ್ಲಿ ನೋವು, ಒಂಬತ್ತನೆಯ ದಿನ ತುಸು ಚಳಿ, ಊಟ ಸೇರದು, ಅಲ್ಪ ತಲೆನೋವು, ರಾತ್ರಿ ಹೊರಳಾಟ, ಮರುದಿನ ಪೂರ್ಣ ಸ್ವಸ್ಥ. ಇಷ್ಟನ್ನೂ ಜೆನ್ನರನು ೧೭೯೮ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಜುಲೈ ೧ರಂದು ನಿಜವಾದ ಸಿಡುಬಿನ ದ್ರವ್ಯವನ್ನು ಹಚ್ಚಿದಾಗ ಬಾಲಕನಿಗೆ ರೋಗ ಬರಲಿಲ್ಲ. ಬಡ ತೋಟಗಾರನ ಮಗನ ಮೇಲೆ ಇಂತಹ ಪ್ರಯೋಗ ನಡೆಸಲು ಇಂದು ಯಾವ ನಾಗರಿಕ ದೇಶವೂ ಒಪ್ಪದು. ಜೆನ್ನರನ ಕೀರ್ತಿಗಾಗಿ ಆ ಮಾತನ್ನು ನುಂಗಿಕೊಳ್ಳಬೇಕಾಗಿಲ್ಲ. ಮುಂದೆ ಫಿಪ್ಸನಿಗೆ ಅವನು ಬಾಡಿಗೆಯಿಲ್ಲದೆ ಒಂದು ಮನೆಯನ್ನು ಕೊಟ್ಟನೆಂಬುದನ್ನೂ ಜೊತೆಗೆ ಹೇಳತಕ್ಕದ್ದು.

ಲಸಿಕೆಯ ದ್ರವ್ಯ ಭಾರತಕ್ಕೆ ಬಂದ ಬಗೆ ವಿಚಿತ್ರವಾದುದು. ಬಿಸಿಲಿಗೆ ಅದು ಕೆಡುತ್ತಿತ್ತು. ಆದುದರಿಂದ ಒಂದು ಮಗುವಿನ ತೋಳಿನಿಂದ ಮತ್ತೊಂದು ಮಗುವಿನ ತೋಳಿಗೆ ದಾಟಿಸುತ್ತ ಅದನ್ನು ಜೀವಂತವಾಗಿರಿಸಬೇಕಾಗಿತ್ತು. ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಬಂದ ದ್ರವ್ಯವನ್ನು ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಲಾಯಿತು. ಭಾರತದಲ್ಲಿ ಲಸಿಕೆ ಪಡೆದ ಮೊದಲ ವ್ಯಕ್ತಿ ಈ ಹಸುಳೆ. ಅವಳ ತೋಳಿನ ಬೊಕ್ಕೆಯಿಂದ ತೆಗೆದುದೇ ಮುಂಬಯಿಯ ಇತರ ಮಕ್ಕಳಿಗೂ, ಅವರ ಮೂಲಕ ದೇಶದ ಬೇರೆ ಭಾಗಗಳಿಗೂ ಹೋಯಿತು. ಹೀಗೆ ಒಂದು ಮಗು ಎರಡು ಸಲ ನೋಯಬೇಕಾಗಿತ್ತು. ತನಗಾಗಿ ಒಮ್ಮೆ, ಎಂಟು ದಿನಗಳ ಮೇಲೆ, ಬಲಿತ ಬೊಕ್ಕೆಯನ್ನು ಕೆದಕುವಾಗ, ಮತ್ತೊಬ್ಬರಿಗಾಗಿ ಇನ್ನೊಮ್ಮೆ. ತಾಯಂದಿರು ಈ ಎರಡನೆಯದಕ್ಕೆ ಸಮ್ಮತಿಸದೆ ಮಕ್ಕಳನ್ನು ಬಚ್ಚಿಡುತ್ತಿದ್ದುದರಲ್ಲಿ ಆಶ್ಚರ್ಯವೇನಿದೆ?

ಮೈಸೂರು ಅರಮನೆಗೂ ಈ ವೃತ್ತಾಂತಕ್ಕೂ ಸಂಬಂಧವುಂಟು. ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯಕಾಲದಲ್ಲಿ, ೧೮೦೫ರ ಸುಮಾರಿಗೆ, ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದನೆನ್ನಲಾದ ಒಂದು ತೈಲಚಿತ್ರದಲ್ಲಿ ಮೂವರು ರಾಜಸ್ತ್ರೀಯರಿದ್ದಾರೆ. ಅವರಲ್ಲಿ ಬಲಬದಿಯವಳು ಸೀರೆಯ ಸೆರಗನ್ನು ಸರಿಸಿ ತನ್ನ ಎಡತೋಳನ್ನು ತೋರಿಸುತ್ತಿದ್ದಾಳೆ. ಎಡಬದಿಯವಳ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿದೆ. ತೋಳು ತೋರಿಸುವವಳು ಹೊಸ ಲಸಿಕೆಯನ್ನು ಹಾಕಿಸಿಕೊಂಡ ರಾಣಿ ದೇವಾಜಮ್ಮಣ್ಣಿಯೆಂದೂ, ಮತ್ತೊಬ್ಬಳು ಹಳೆಯ ಪದ್ಧತಿಯಂತೆ ಸಿಡುಬಿನ ದ್ರವ್ಯವನ್ನೇ ಪಡೆದವಳೆಂದೂ ಇತ್ತೀಚಿನ ಇತಿಹಾಸಜ್ಞರು ಊಹಿಸಿದ್ದಾರೆ. ರಾಣಿಯು ಲಸಿಕೆ ಪಡೆದ ಸುದ್ದಿಯಿಂದ ಪ್ರಜೆಗಳು ಮುಂದೆ ಬಂದರೆಂಬ ೧೮೦೬ರ ದಾಖಲೆಯನ್ನು ಅವರು ಈ ಊಹೆಗೆ ಆಧಾರವಾಗಿ ಕೊಡುತ್ತಾರೆ. ಊಹೆ ನಿಜವಾಗಿದ್ದರೆ, ಅಂತಃಪುರದ ಮರ್ಯಾದೆಯ ಆ ಕಾಲದಲ್ಲಿ ತೋಳನ್ನು ಅನಾವರಣಗೊಳಿಸಿ ಚಿತ್ರಕ್ಕೆ ನಿಂತುದು ಸಾಮಾನ್ಯ ಸಂಗತಿಯಲ್ಲ. ಹತ್ತು ಹುಕುಂಗಳು ಮಾಡದ ಕೆಲಸವನ್ನು ಒಂದು ತೋಳು ಮಾಡಿತೆನ್ನಬಹುದು.

ತೋಳಿನಿಂದ ತೋಳಿಗೆ ದಾಟಿಸುವಾಗ ಬೇರೆ ರೋಗಗಳೂ ದಾಟುತ್ತಿದ್ದುದರಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಕ್ರಮ ಹಿಂದೆ ಸರಿದು, ಕರುಗಳ ಮೈಮೇಲೆ ಲಸಿಕೆಯನ್ನು ಬೆಳೆಸುವುದು ಆರಂಭವಾಯಿತು. ಬೆಳಗಾವಿಯ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಎಂಬ ಸ್ಥಳನಾಮ ಆ ಯುಗದ ಕುರುಹಾಗಿ ಇಂದಿಗೂ ಉಳಿದಿದೆ. ಅಲ್ಲಿ ಆಡಲು ಹೋಗುವ ಹುಡುಗರಲ್ಲಿ ಎಷ್ಟು ಮಂದಿ ಆ ಹೆಸರಿನ ಅರ್ಥವನ್ನು ವಿಚಾರಿಸಿದ್ದಾರೋ!

ಹಳ್ಳಿಗಳಲ್ಲಿ ದಾಕು ಹಾಕುವವನು ಬಂದನೆಂದರೆ ಮಕ್ಕಳು ಅಟ್ಟ ಏರುವುದು, ಕಣಜದ ಹಿಂದೆ ಅಡಗುವುದು, ಹೊಲದ ಕಡೆ ಓಡುವುದು ಹಿರಿಯರೆಲ್ಲರೂ ಬಲ್ಲ ಸಂಗತಿ. ಮುಳ್ಳುಗಳುಳ್ಳ ಸಣ್ಣ ಬಿಲ್ಲೆಯನ್ನು ತೋಳಿಗೆ ಒತ್ತಿ ಅವನು ತಿರುವುತ್ತಿದ್ದನು. ಕವಲು ಸೂಜಿ ಬಳಕೆಗೆ ಬಂದ ಮೇಲೆ ಒಂದೇ ಎಡೆಯಲ್ಲಿ ಹದಿನೈದು ಸಲ ಬೇಗಬೇಗನೆ ಚುಚ್ಚುವ ಕ್ರಮವಾಯಿತು. ಮೂರು ನಾಲ್ಕು ದಿನಗಳಲ್ಲಿ ಕೆಂಪು ಗುಳ್ಳೆ ಏಳುವುದು, ಅನಂತರ ನೀರು ತುಂಬುವುದು, ಎಂಟೊಂಬತ್ತನೆಯ ದಿನಕ್ಕೆ ಕೀವಾಗಿ ತೋಳೆಲ್ಲ ಬಿಗಿಯುವುದು, ಕಂಕುಳಲ್ಲಿ ಗಂಟು ಕಟ್ಟುವುದು, ಮೈ ಬಿಸಿಯೇರುವುದು. ಬಳಿಕ ಹಕ್ಕಳೆ ಕಟ್ಟಿ, ಮೂರನೆಯ ವಾರ ಉದುರಿ, ಕಲೆ ನಿಲ್ಲುವುದು. ಬೊಕ್ಕೆ ಏಳದಿದ್ದರೆ ದಾಕು ‘ಹಿಡಿಯಲಿಲ್ಲ’ವೆಂದು ಮತ್ತೆ ಹಾಕುತ್ತಿದ್ದರು. ಸಿಡುಬನ್ನು ಅಮ್ಮನೆಂದು ಭಾವಿಸುತ್ತಿದ್ದ ಮನೆಗಳಲ್ಲಿ ಈ ಬೊಕ್ಕೆಯನ್ನೂ ಅಮ್ಮನ ಬರವೆಂದೇ ತಿಳಿದು ಬೇವಿನ ಸೊಪ್ಪು ಇಟ್ಟು, ಮಗುವಿಗೆ ತಂಪಾದ ಆಹಾರವನ್ನು ಕೊಡುತ್ತಿದ್ದುದೂ ಉಂಟು. ಇದನ್ನು ಮೌಢ್ಯವೆಂದು ನಗುವವರು ಒಂದನ್ನು ಮರೆಯುತ್ತಾರೆ: ಆ ಮನೆಯವರು ಲಸಿಕೆಯನ್ನು ನಿರಾಕರಿಸಲಿಲ್ಲ, ತಮಗೆ ತಿಳಿದ ಭಾಷೆಯಲ್ಲಿ ಬರಮಾಡಿಕೊಂಡರು. ೧೯೭೫ರಲ್ಲಿ ಭಾರತದ ಕಡೆಯ ಸಿಡುಬು ಪ್ರಕರಣ ಕಂಡುಬಂದಿತು. ೧೯೭೭ರಲ್ಲಿ ದೇಶವೂ ೧೯೮೦ರ ಮೇ ೮ರಂದು ಜಗತ್ತೂ ಸಿಡುಬಿನಿಂದ ಮುಕ್ತವೆಂದು ಸಾರಲಾಯಿತು.

ಹುಚ್ಚುನಾಯಿಯ ಕಡಿತಕ್ಕೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದೆಂಬ ಭೀತಿ ನಮ್ಮ ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ ಆ ಕ್ರಮ ನಿಂತು ಇಪ್ಪತ್ತು ವರ್ಷಗಳಾದರೂ ಭೀತಿ ನಿಂತಿಲ್ಲ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಮದ್ದು ಹೊಟ್ಟೆಯಲ್ಲಿ ಗಂಟುಗಂಟಾಗಿ ನೋಯುತ್ತಿತ್ತು. ವಿರಳವಾಗಿ ನರಗಳಿಗೂ ಹಾನಿ ಮಾಡುತ್ತಿತ್ತು. ಆದುದರಿಂದಲೇ ಅದನ್ನು ಕೈಬಿಡಲಾಯಿತು. ಈಗ ಕೊಡುವುದು ತೋಳಿನಲ್ಲಿ, ನಾಲ್ಕೈದು ಸಲ ಮಾತ್ರ. ಕಚ್ಚಿದ ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಬೇರೊಂದು ಮದ್ದನ್ನು ಕೊಡುವುದುಂಟು. ನಾಯಿ ಕಚ್ಚಿದುದನ್ನು ಹದಿನಾಲ್ಕು ಸೂಜಿಗಳ ಭಯದಿಂದ ಮನೆಯಲ್ಲಿ ಹೇಳದೆ ಮುಚ್ಚಿಡುವ ಬಾಲಕನು ಪ್ರಾಣವನ್ನೇ ಪಣಕ್ಕಿಡುತ್ತಾನೆ. ಏಕೆಂದರೆ ಆ ರೋಗದ ಲಕ್ಷಣಗಳು ತೋರಿದ ಮೇಲೆ ಬದುಕುವವರು ಇಲ್ಲವೆಂಬಷ್ಟು ಕಡಮೆ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನು ಪ್ಲೇಗಿನ ಮಾತು. ೧೮೯೬ರಲ್ಲಿ ಮುಂಬಯಿಗೆ ಆ ಮಾರಿ ಬಂದಾಗ, ಒಡೆಸ್ಸಾ ಪಟ್ಟಣದಲ್ಲಿ ಜನಿಸಿದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯು ಕೆಲವೇ ತಿಂಗಳಲ್ಲಿ ಲಸಿಕೆಯೊಂದನ್ನು ಸಿದ್ಧಪಡಿಸಿದನು. ೧೮೯೭ರ ಜನವರಿ ೧೦ರಂದು ಅದನ್ನು ಮೊದಲು ತನಗೆ ತಾನೇ ಚುಚ್ಚಿಸಿಕೊಂಡನು. ಅದೂ ಮುಂದೆ ಇತರರಿಗೆ ಕೊಟ್ಟುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ತೋಳು ಬಾಧಿಸಿತು, ಜ್ವರ ಏರಿತು, ಇಳಿಯಿತು. ಅನಂತರವೇ ಬೈಕುಲ್ಲಾ ಸೆರೆಮನೆಯಲ್ಲಿ ಒಪ್ಪಿದವರಿಗೆ ಹಾಕಿದುದು. ೧೮೯೮ರಲ್ಲಿ ಹುಬ್ಬಳ್ಳಿ ಧಾರವಾಡಗಳಲ್ಲಿ ಪ್ಲೇಗು ಹಬ್ಬಿದಾಗ ಸಹಸ್ರಾರು ಜನರು ಈ ಚುಚ್ಚುಮದ್ದನ್ನು ಪಡೆದರು. ಒಂದೆರಡು ದಿನ ಜ್ವರದಿಂದ ಮಲಗಿಸಿ, ತೋಳನ್ನು ಬಾಯಿಸುತ್ತಿದ್ದ ಮದ್ದದು. ದುಡಿದು ಉಣ್ಣುವವನಿಗೆ ಎರಡು ದಿನದ ಕೂಲಿ ಹೋಗುವುದೆಂದರೆ ಜ್ವರಕ್ಕಿಂತ ದೊಡ್ಡ ಬಾಧೆಯೆಂಬುದನ್ನು ಮರೆಯಲಾಗದು. ಹಾಗಿದ್ದೂ ಜನ ಸಾಲುಗಟ್ಟಿದರು; ನೆರೆಮನೆಯ ಸಾವು ಕಣ್ಣ ಮುಂದಿತ್ತು.

೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ ೧೦೭ ಮಂದಿಗೆ ಇದೇ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಪಡೆದ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ನನನ್ನು ಕೆಲಸದಿಂದ ಬಿಡಿಸಿದರು. ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದುದರಿಂದ ಮಣ್ಣಿನ ವಿಷ ಸೇರಿರಬೇಕೆಂದು ಬಲ್ಲವರು ತೋರಿಸಿಕೊಟ್ಟರು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಯಲ್ಲಿ ವಾದಿಸಿ ೧೯೦೭ರಲ್ಲಿ ಅವನನ್ನು ದೋಷಮುಕ್ತಗೊಳಿಸಿದರು. ೧೯೨೫ರಲ್ಲಿ ಮುಂಬಯಿಯ ಆ ಪ್ರಯೋಗಶಾಲೆಗೆ ಅವನ ಹೆಸರನ್ನೇ ಇಡಲಾಯಿತು. ಮದ್ದಿನಲ್ಲಿ ದೋಷವಿಲ್ಲ, ಕೈಯಲ್ಲಿ ದೋಷವಿದ್ದಿತು ಎಂದು ತಿಳಿಯಲು ಐದು ವರ್ಷ ಬೇಕಾಯಿತು. ಆ ಐದು ವರ್ಷಗಳಲ್ಲಿ ಎಷ್ಟು ಮಂದಿ ಹೆದರಿ ದೂರ ಉಳಿದು ಪ್ಲೇಗಿಗೆ ತುತ್ತಾದರೋ, ಅದಕ್ಕೆ ಲೆಕ್ಕವಿಟ್ಟವರಿಲ್ಲ. ಇಂದು ಪ್ರತಿಯೊಂದು ಸೂಜಿಯನ್ನೂ ಒಮ್ಮೆ ಬಳಸಿ ಎಸೆಯುವ ಕಟ್ಟುನಿಟ್ಟಿನ ಹಿಂದೆ ಇಂತಹ ಸಾವುಗಳು ಕಲಿಸಿದ ಪಾಠವಿದೆ.

ಚುಚ್ಚಿದ ಮೇಲೆ ತೋಳು ನೋಯುವುದೇಕೆ, ಜ್ವರ ಬರುವುದೇಕೆ? ಹೊರಗಿನಿಂದ ಬಂದ ದ್ರವ್ಯವನ್ನು ಶತ್ರುವೆಂದೇ ಬಗೆದು ರಕ್ತದ ಬಿಳಿಯ ಕಣಗಳು ಆ ಎಡೆಗೆ ಧಾವಿಸುತ್ತವೆ. ರಕ್ತನಾಳಗಳು ಹಿಗ್ಗಿ ನೀರು ಒಸರಿ ಬಾವು ಕಾಣಿಸುತ್ತದೆ. ಆ ಕಣಗಳು ಹೊರಡಿಸುವ ರಾಸಾಯನಿಕ ಸಂಕೇತಗಳು ಮಿದುಳಿಗೆ ಮುಟ್ಟಿ, ಅಲ್ಲಿ ದೇಹದ ಶಾಖವನ್ನು ನಿಯಂತ್ರಿಸುವ ಕೇಂದ್ರವು ಬಿಸಿಯನ್ನು ಏರಿಸುತ್ತದೆ. ಒಂದೆರಡು ದಿನಗಳಲ್ಲಿ ಇದು ಶಮನವಾಗುತ್ತದೆ. ೨೦೨೧ರಲ್ಲಿ ಕೊರೊನಾ ಲಸಿಕೆ ಹಾಕಿಸಿಕೊಂಡ ಮನೆಗಳಲ್ಲಿ ಅಡುಗೆ ಮಾಡುವವರೂ ಇಲ್ಲದಂತೆ ಎಲ್ಲರೂ ಒಟ್ಟಿಗೆ ಮಲಗಿದುದುಂಟು. ಜಗಲಿಯ ಮೇಲೆ ಕುಳಿತು ‘ನಿಮಗೆ ಜ್ವರ ಬಂತೇ, ನಿಮಗೆ ಬಂತೇ’ ಎಂದು ವಿಚಾರಿಸಿಕೊಂಡು, ಬಾರದಿದ್ದವರು ತಮಗೆ ಬರಿಯ ನೀರು ಚುಚ್ಚಿದರೆಂದು ಕೊರಗಿದರು! ಆ ಕೊರಗು ನಿರಾಧಾರ. ಜ್ವರವು ದೇಹದ ಪ್ರಕೃತಿಯನ್ನು ಅವಲಂಬಿಸಿದುದು. ಅದು ಬಾರದೆಯೂ ರಕ್ಷಣೆ ದೊರೆಯುತ್ತದೆ. ಹಾಗೆಂದು ಎಲ್ಲ ಬಾಧೆಯೂ ಅಲ್ಪವೆನ್ನುವಂತಿಲ್ಲ. ಹತ್ತು ಲಕ್ಷ ಚುಚ್ಚುಮದ್ದುಗಳಿಗೆ ಒಂದರ ಆಸುಪಾಸಿನಲ್ಲಿ ದೇಹವು ಮದ್ದಿಗೆ ಒಮ್ಮೆಲೇ ಕೆರಳಿ, ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟುವುದುಂಟು. ಬಹುಪಾಲು ಅದು ನಿಮಿಷಗಳಲ್ಲಿಯೇ ತೋರುವುದರಿಂದ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ ಎನ್ನುವುದು. ಅದಕ್ಕೆ ಪ್ರತಿಮದ್ದು ದಾದಿಯ ಬಳಿ ಸಿದ್ಧವಾಗಿರುತ್ತದೆ.

ಶಾಲೆಗಳಲ್ಲಿ ಕಾಣುವ ಬಾಧೆ ಬಹುಮಟ್ಟಿಗೆ ಬೇರೆ ಬಗೆಯದು. ೨೦೧೭ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಹಾಕಲಾಯಿತು. ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿನಲ್ಲಿ ಧನುರ್ವಾಯು, ಗಂಟಲಮಾರಿಗಳ ಚುಚ್ಚುಮದ್ದು ಇದ್ದೇ ಇದೆ. ಬೆಳಿಗ್ಗೆ ಏನನ್ನೂ ತಿನ್ನದೆ, ಬಿಸಿಲಿನಲ್ಲಿ ಸಾಲಾಗಿ ನಿಂತು, ಮುಂದಿನವನ ತೋಳಿಗೆ ಸೂಜಿ ಇಳಿಯುವುದನ್ನೇ ನೋಡುತ್ತ ಬರುವ ಬಾಲಕನು ತನ್ನ ಸರದಿಗೆ ಮುನ್ನವೇ ಬವಳಿ ಬಂದು ಬೀಳುತ್ತಾನೆ. ಅವನನ್ನು ಕಂಡು ಮತ್ತಿಬ್ಬರು. ಕ್ಷಣಾರ್ಧದಲ್ಲಿ ಮದ್ದು ಕೆಟ್ಟಿದೆಯೆಂಬ ಸುದ್ದಿ ಊರೆಲ್ಲ ಹಬ್ಬಿ ಪೋಷಕರು ಬಾಗಿಲಲ್ಲಿ ನೆರೆಯುತ್ತಾರೆ. ಇದು ಭಯದಿಂದ ನಾಡಿ ಇಳಿದು ಮಿದುಳಿಗೆ ರಕ್ತ ಕಡಮೆಯಾದುದರ ಫಲ. ಕಾಲು ಎತ್ತರಿಸಿ ಮಲಗಿಸಿದರೆ ಬೇಗನೆ ಎಚ್ಚರವಾಗುತ್ತದೆ. ಪ್ರಸಾದ ನಿಲಯದ ಮಕ್ಕಳಿಗೆ ಅಂದು ಉಪಾಹಾರವಾದ ಮೇಲೆಯೇ ಚುಚ್ಚಿಸುವುದು, ಚುಚ್ಚುವ ಕೋಣೆಯನ್ನು ಮರೆಯಾಗಿರಿಸುವುದು, ಕುಳ್ಳಿರಿಸಿ ಚುಚ್ಚುವುದು, ಇಷ್ಟನ್ನು ಮಾಡಿದರೆ ಈ ಗೊಂದಲ ಬಹುಪಾಲು ಇಲ್ಲವಾಗುವುದು. ಅನಂತರ ಜ್ವರ ಬಂದರೆ ಗಂಜಿ, ನೀರು, ಹಣೆಗೆ ಒದ್ದೆ ಬಟ್ಟೆ. ದಾದಿ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ಚುಚ್ಚಿದ ಎಡೆಯನ್ನು ತಿಕ್ಕಲಾಗದು. ಮೂರು ದಿನ ಕಳೆದರೂ ಜ್ವರ ಬಿಡದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು.

ಒಂದು ದುರಭ್ಯಾಸವನ್ನು ಮಾತ್ರ ಹಿರಿಯರು ಬಿಡಬೇಕಾಗಿದೆ. ‘ನೋವಾಗುವುದೇ ಇಲ್ಲ ಮರಿ’ ಎಂದು ಹೇಳಿ ಮಗುವಿನ ತೋಳನ್ನು ಹಿಡಿಯುವುದು. ಸೂಜಿ ಇಳಿದ ಕ್ಷಣದಲ್ಲಿ ಆ ಮಾತು ಸುಳ್ಳೆಂದು ಮಗುವಿಗೆ ತಿಳಿಯುತ್ತದೆ. ಮುಂದಿನ ಸಲ ತಾಯಿಯ ಮಾತನ್ನೂ ಗುರುವಿನ ಮಾತನ್ನೂ ಅದು ನಂಬದು. ಇರುವೆ ಕಚ್ಚಿದಂತಾಗುತ್ತದೆ, ರಾತ್ರಿ ಮೈ ಬಿಸಿಯಾಗಬಹುದು, ನಾಳಿದ್ದು ಸರಿಹೋಗುತ್ತದೆ ಎಂದು ಲೇಡಿ ಮೇರಿಯಂತೆ ದಿನ ಲೆಕ್ಕಹಾಕಿ ಹೇಳಿದರೆ ಆರು ವರ್ಷದ ಮಗುವೂ ಅರ್ಥಮಾಡಿಕೊಳ್ಳುತ್ತದೆ. ಇದನ್ನು ಹೇಳುವ ಕಾಯಕದಲ್ಲಿ ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯರು ಅನೇಕ ಪದವೀಧರರಿಗಿಂತ ಮುಂದಿದ್ದಾರೆ.

ಇಂದು ಹುಟ್ಟುವ ಶಿಶುಗಳ ಎಡತೋಳಿನಲ್ಲಿ ದಾಕಿನ ದೊಡ್ಡ ಕಲೆಯಿಲ್ಲ. ಕ್ಷಯದ ವಿರುದ್ಧ ಹಾಕುವ ಬಿ.ಸಿ.ಜಿ.ಯ ಸಣ್ಣ ಕಲೆ ಮಾತ್ರ ಇರುತ್ತದೆ. ಅದರ ರೀತಿ ಬೇರೆ. ಚುಚ್ಚಿದಾಗ ಏನೂ ಕಾಣದೆ, ಎರಡು ಮೂರು ವಾರ ಕಳೆದು ಎಲ್ಲರೂ ಮರೆತಿರುವಾಗ ಗುಳ್ಳೆ ಎದ್ದು, ಕೆಲವೊಮ್ಮೆ ಒಡೆದು, ನಿಧಾನವಾಗಿ ತಾನೇ ಮಾಯುತ್ತದೆ. ಬಾಣಂತಿ ಗಾಬರಿಗೊಂಡು ಅದಕ್ಕೆ ಅರಿಸಿನವನ್ನೋ ಮುಲಾಮನ್ನೋ ಹಚ್ಚಬೇಕಾಗಿಲ್ಲ; ಎಣ್ಣೆ ನೀರು ಹಾಕುವಾಗ ಆ ತೋಳನ್ನು ತಿಕ್ಕದೆ ಬಿಟ್ಟರಾಯಿತು.